ನಾಕರೊಳಗ ತಿರಿಗಿ ಬರ್ರಿ

ಗುತ್ತಲದಿಂದ ಹಾವನೂರಿಗೆ ಟಿಕೀಟು ಎರಡು,
ಎರಡೂ ಸೊನ್ನೆ ರೂಪಾಯಿಯವು.
ತೊಡಿ ಮ್ಯಾಲ ಬುತ್ತಿ: ಕಟಕ ರೊಟ್ಟಿ, ಗುರೆಳ್ಳ ಹಿಂಡಿ,
ಹಸಿ ಉಳ್ಳಾಗಡ್ಡಿ, ಬಾಟ್ಲಿ ತುಂಬ ಮಜ್ಜಿಗಿ.
ಅರವತ್ತರ ಹತ್ರ ಬಂದ ಸಣ್ಣವ್ವ ಫಕ್ಕೀರವ್ವ
ಹೊಸಾ ಚಪ್ಪಲಿ ಹಾಕ್ಕೊಂಡು ಬಂದಾಳ,
ಉಸುಕಿನ್ಯಾಗ ಬಿಚ್ಚಿ ಕೈಯಾಗ ಹಿಡಿಯೂ ಸಲುವಾಗಿ.

ಹದಿನೆಂಟು ವರ್ಷ ಗೋವಾದಾಗ
ಹೋಟೆಲಿನ ಹಾಸಿಗಿ ಹೊದಿಕಿ ಒಗದ ಕೈ ಅವು.
ಬಿಳೇ ಬಟ್ಟಿಯೊಳಗಿಂದು ಜಾಡಿಸಿ ಜಾಡಿಸಿ
ಸಮುದ್ರ ಅಂದ್ರ ಆಕಿಗೆ
ಮಷೀನಿನ ತಳದಾಗ ಉಳದ ಒಂದು ಹಿಡಿ ಉಸುಕು.

ಅಲ್ಲೊಂದು ಗಡ್ಡಿ ಇತ್ತಂತ.
ನೀರು ಇಳದಾಗಷ್ಟ ದಾರಿ ಬಿಡೂದಂತ,
ಮೊಣಕಾಲ ಮಟ ನೀರಾಗ ನಡಕೋತ ಹೋದ್ರ
ಆಚಿ ಕಡೆ ಯಾರೂ ಇಲ್ಲದ ದಂಡಿ, ತೆಂಗಿನ ಗಿಡ, ಹಸರು ನೀರು.
ಮಂದಿ ಮುಂದ. ತಲಿ ಮ್ಯಾಲ ಬರ್ಫದ ಡಬ್ಬಿ ಹೊತ್ತು ಈಕಿ ಹಿಂದ.
ಇಳಿಸಿ, ಚಾದರ ಹಾಸಿ, ಹೊಳ್ಳಿ ಬರೂದು.

'ಒಮ್ಮೆರೆ ಕುಂತಿದ್ದೇನು ಸಣ್ಣವ್ವಾ ಅಲ್ಲಿ?'
'ಕೂಡೂದ? ನೀರು ಏರತಿತ್ತಲ್ಲವ್ವಾ.'

ಹೊಳಿ ದಂಡಿಗೆ ಹರಗೋಲು ಬೋರಲ ಬಿದ್ದಿತ್ತು.
ಅದರ ನೆರಳಾಗ ನಾಯಿ, ನಾಯಿ ಬಾಜೂಕ ಹೊನ್ನಪ್ಪ ಬಾರ್ಕಿ;
ಬ್ಯಾಸಗಿಗೆ ಹುಟ್ಟು ಬಿಟ್ಟು ಕೋಲು ಹಿಡೀತಾನ.
'ಉಸುಕ ತಗದ ತೆಗ್ಗ ಅದಾವು,
ನನ್ನ ಹೆಜ್ಜಿ ಬಿಟ್ಟು ಹೆಜ್ಜಿ ಇಡಬ್ಯಾಡ್ರಿ.
ನಾಕರೊಳಗ ತಿರಿಗಿ ಬರ್ರಿ, ಮ್ಯಾಲಿಂದ ನೀರು ಬಿಡ್ತಾರಂತ.'
ಸಣ್ಣವ್ವ ನಕ್ಕಳು:
'ಅಲ್ಲಿ ಚಂದ್ರಾಮ ಹೇಳತಿದ್ದ, ಇಲ್ಲಿ ಇಂಜಿನಿಯರ ಹೇಳ್ತಾನ.'

ತುಂಗಭದ್ರಿ ಹಿಮ್ಮಡ ಮುಳಗೂವಷ್ಟು.
ಸಣ್ಣ ಸಣ್ಣ ಮೀನು ಬಂದು ಬೆರಳು ಕಚ್ಚಿದುವು. ನಾ ಚೀರಿದೆ.
ಆಕಿ ನಿಂತು ಕಚ್ಚಿಸಿಕೊಂಡಳು,
ಸೋಡಾ ನೀರು ಆಗಲೇ ತಿಂದು ಬಿಟ್ಟ ಕಾಲು.
ಮುಂದ ಒಂದು ಕಡೆ ಮೊಣಕಾಲು, ಒಂದು ಕಡೆ ತೊಡಿ.
ಸೀರಿ ಎತ್ತಿ ಸಿಗಿಸಿದಳು, ಬುತ್ತಿ ತಲಿ ಮ್ಯಾಲ ಇಟ್ಟಳು,
ಕೈ ಹಿಡೀಲಿಲ್ಲ. ಇಟ್ಟದ್ದು ಇಟ್ಟಂಗ ಹೋತು.

ಗಡ್ಡಿ ಅಂದ್ರ ಏನು ಭಾಳಿಲ್ಲ.
ನಾಕು ಪಟ್ಟಿಯಷ್ಟು ಉಸುಕು, ಒಂದು ಜಾಲಿ ಗಿಡ,
ಹೋದ ಮಳಿಗಾಲ ತಂದಿಟ್ಟ ಯಾರದೋ ಒಂಟಿ ಬೂಟು,
ಯಾರೂ ಊರಲಾರದ ಒಂದು ಕಲ್ಲಂಗಡಿ ಬಳ್ಳಿ.
ನಮ್ಮ ಬಳಿ ಸಪ್ಪಳಕ್ಕ
ನಾವ ಗಪ್ಪಾದಿವಿ.

ಕೂಡಾಕಂತ ಬಗ್ಗಿದ್ಲು.
ಅಷ್ಟರಾಗ ಹಳದಿ ಚುಂಚಿನ, ಕರೇ ಟೊಪ್ಪಿಗಿ ಹಕ್ಕಿಯೊಂದು
ಕಿರಚಿಕೋತ ನೆತ್ತಿ ಮ್ಯಾಲ ಎರಗಿತು. ಒಮ್ಮೆ. ಮತ್ತೊಮ್ಮೆ.
ನೋಡಿದ್ರ, ನಿರಿಗಿಯಿಂದ ಒಂದು ಗೇಣಿನಾಗ
ಉಸುಕಿನ ಬಣ್ಣದ್ದ ಮೂರು ತತ್ತಿ.
ಗೂಡಿಲ್ಲ, ಕಡ್ಡಿಲ್ಲ, ಬರೇ ಬೊಗಸಿಯಷ್ಟು ತೆಗ್ಗು.
ಅರ್ಧ ಬಗ್ಗಿದಾಕಿ ಹಂಗ ನಿಂತಳು.
ಅಳ್ತಾಳೇನೋ ಅನಸ್ತು.
'ಇದೂ ಬುಕ್ಕಾಗೇತಿ ನೋಡು,' ಅಂದ್ಲು.

ಹಿಂದಕ್ಕ ಹಿಂದಕ್ಕ ಇಪ್ಪತ್ತು ಹೆಜ್ಜಿ,
ಬಂದ ಹೆಜ್ಜಿ ಮ್ಯಾಲ ಹೆಜ್ಜಿ ಇಟಗೋತ, ತತ್ತಿ ನೋಡಿಕೋತ,
ಹಕ್ಕಿ ಸುಮ್ಮನಾಗೂ ತನಕ.
ಅಲ್ಲಿ, ನೀರಿನ ಅಂಚಿಗೆ,
ಚಾದರಿಲ್ಲ, ಸೆರಗು ಸೈತ ಹಾಸಲಿಲ್ಲ,
ಕಾಲು ಚಾಚಿ ಕುಂತ್ಲು.

ರೊಟ್ಟಿ ಮುರದ ಸಪ್ಪಳ. ಗುದ್ದಿದ ಉಳ್ಳಾಗಡ್ಡಿ ವಾಸನಿ.
ಹಿಂಡಿಯೊಳಗ ಉಸುಕು ಬಂದು ಕರಂ ಅಂತು.
ನಾ ಉಗುಳಿದೆ. ಆಕಿ ಅಗದ್ಲು.

ಮೂರೂವರಿಗೆ ಆಚಿ ದಂಡಿಂದ ಸಿಳ್ಳು.
ಐದು ನಿಮಿಷ, ಅಂತ ಕೈ ಮಾಡಿದ್ಲು,
ಮತ್ತ ಸಿಳ್ಳು. ಮತ್ತ ಐದು ನಿಮಿಷ,
ಸಾಲಿಗೆ ಹೋಗಲಾರದ ಹುಡುಗಿ ಹಂಗ.
ಹೊಳ್ಳಿ ಬರೂವಾಗ ಹಿಮ್ಮಡದ ನೀರು ಮೀನಗಂಡದ ಮಟ ಬಂದಿತ್ತು,
ಹೊನ್ನಪ್ಪ ಬೈಕೋತ ಮುಂದ,
ಆಕಿ ಬರಿಗೈಲೆ ಹಿಂದ; ಚಪ್ಪಲಿ ಅಲ್ಲೇ ಮರತಿದ್ಲು.

ರಾತ್ರಿ ಆ ಸೀರಿ ಅಂಗಳಕ್ಕ ಒಯ್ದು
ಜಾಡಸಾಕ ನಿಂತೆ.
'ನಾಳೆ,' ಅಂದ್ಲು ಒಳಗಿಂದ,
ಗ್ವಾಡಿ ಕಡೆ ಹೊಳ್ಳಿ.